ಹಾಜರಿ ಕೂಗಿದಂತೆ ಓದಿದ ಪ್ರಶ್ನೆಪತ್ರಿಕೆ

ನಿವೃತ್ತಿಯಾದ ಮೇಲೆ ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ಹೊತ್ತು ಹೇಗೆ ಹೋಗುತ್ತದೆ ಎಂದು. ಹೊತ್ತು ತನ್ನಷ್ಟಕ್ಕೆ ತಾನೇ ಹೋಗುತ್ತದೆ, ನಾನೇನೂ ಅದನ್ನು ಕೈಹಿಡಿದು ನಡೆಸಬೇಕಾಗಿಲ್ಲ. ಒಂಟಿಕೊಪ್ಪಲಿನ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿದು, ಪತ್ರಿಕೆ ಓದಿ, ಪತ್ರಿಕೆಯಲ್ಲಿ ಬಂದದ್ದಕ್ಕೆಲ್ಲ ಒಬ್ಬಳೇ ಬೈದು ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಸಾರಿಗೆ ಬೇಳೆ ಇಡುವ ಸಮಯವಾಗಿರುತ್ತದೆ. ಹಾಗಾಗಿ ಇದನ್ನು ಬರೆಯಲು ಕೂತದ್ದು ಹೊತ್ತು ಹೋಗದೆ ಅಲ್ಲ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ‘ನಿಮ್ಮ ಕಾಲ’ ಎಂದದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಹೇಳುತ್ತ ಹೋದೆ. ಎರಡು ಲೋಟ ಕಾಫಿ ಆದರೂ ಮುಗಿಯಲಿಲ್ಲ. ಉಳಿದದ್ದನ್ನು ಬರೆದು ಕೊಡುತ್ತೇನೆ, ಹೋಗಿ ಬನ್ನಿ ಎಂದು ಕಳಿಸಿದೆ.

ನಮ್ಮ ಕೇಂದ್ರ ಇದ್ದದ್ದು ಕುವೆಂಪುನಗರದಲ್ಲಿ, ಒಂದು ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ‘ಡಿಸ್ಲೆಕ್ಸಿಯಾ’ ಎಂಬ ಪದವನ್ನು ಊರಿನಲ್ಲಿ ಕೇಳಿದವರೇ ಕಡಿಮೆ. ಬೋರ್ಡು ನೋಡಿ ಟ್ಯೂಷನ್ ಎಂದುಕೊಂಡು ಬರುವವರೇ ಹೆಚ್ಚು. ಹತ್ತನೇ ಕ್ಲಾಸಿನ ಗಣಿತಕ್ಕೆ ಸೀಟು ಇದೆಯಾ ಎಂದು ಕೇಳಿ, ಇಲ್ಲ ಎಂದರೆ, ಮತ್ತೆ ಇನ್ನೇನು ಮಾಡುತ್ತೀರಿ ಎಂದು ನನ್ನನ್ನೇ ಅನುಮಾನದಿಂದ ನೋಡಿ ಹೋಗುತ್ತಿದ್ದರು. ನಾನು ಒಂಟಿಕೊಪ್ಪಲಿನಿಂದ ಲೂನಾದಲ್ಲಿ ಬರುತ್ತಿದ್ದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಜಾಗದಲ್ಲಿ ರಾಗಿ ಡಬ್ಬ ಇಟ್ಟುಕೊಂಡು ಹೋಗುವ ನನ್ನನ್ನು ನೋಡಿ, ಹಿಟ್ಟಿನ ಗಿರಣಿ ಇಟ್ಟಿದ್ದೀರಾ ಎಂದು ಕೇಳಿದವರೂ ಇದ್ದಾರೆ.

ರಾಗಿಯ ಕತೆ ಹೇಳಿಬಿಡುತ್ತೇನೆ. ಮೊದಮೊದಲು ನಮಗೂ ಗೊತ್ತಿದ್ದದ್ದು ಒಂದೇ ಉಪಾಯ, ತಪ್ಪಿದ ಅಕ್ಷರವನ್ನು ಪುಟಗಟ್ಟಲೆ ಬರೆಸುವುದು. ಮಕ್ಕಳು ಬರೆದೂ ಬರೆದೂ ಆ ಅಕ್ಷರವನ್ನು ಕಂಡರೆ ಅಳುವ ಹಾಗಾಗುತ್ತಿತ್ತೇ ಹೊರತು ಕಲಿಯುತ್ತಿರಲಿಲ್ಲ. ಆಮೇಲೆ ತಟ್ಟೆಯಲ್ಲಿ ರಾಗಿ ಹರಡಿ, ಬೆರಳಿನಲ್ಲಿ ದೊಡ್ಡದಾಗಿ ಅಕ್ಷರ ಎಳೆಸಿ, ಎಳೆಯುವಾಗಲೇ ಬಾಯಲ್ಲಿ ಅದರ ಸದ್ದು ಹೇಳಿಸಲು ಶುರುಮಾಡಿದೆವು. ಕಣ್ಣು, ಕಿವಿ, ಬೆರಳು ಮೂರೂ ಒಂದೇ ಕೆಲಸಕ್ಕೆ ಕೂತರೆ ಅಕ್ಷರ ನಿಲ್ಲುತ್ತದೆ. ಹಿಂದೆ ಐಗಳ ಮಠದಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದದ್ದೂ ಇದನ್ನೇ. ಈಗ ನಿಮಗೆ ಓದಿ ಹೇಳುವ ಯಂತ್ರ ಬಂದಿದೆ, ಬಣ್ಣದ ಪರದೆ ಬಂದಿದೆ. ಬರಲಿ, ಒಳ್ಳೆಯದೇ. ಆದರೂ ಒಂದು ಡಬ್ಬ ರಾಗಿ ಇಟ್ಟುಕೊಂಡಿರಿ, ಕರೆಂಟು ಹೋದಾಗ ಕೆಲಸಕ್ಕೆ ಬರುತ್ತದೆ.

ನಮ್ಮ ಡೈರೆಕ್ಟರು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಬಲು ಒಳ್ಳೆಯವರು, ಆದರೆ ಕೈಪಿಡಿಯಲ್ಲಿ ಬರೆದದ್ದರಿಂದ ಒಂದು ಕೂದಲೆಳೆ ಆಚೀಚೆ ಹೋಗುವವರಲ್ಲ. ಬುದ್ಧಿಮಟ್ಟ ಅಳೆಯಲು ಅವರ ಹತ್ತಿರ ಹೊರದೇಶದಿಂದ ಬಂದ ಚಿತ್ರಗಳ ಒಂದು ಪೆಟ್ಟಿಗೆ ಇತ್ತು. ಚಿತ್ರದಲ್ಲಿ ಏನು ಕಾಣೆಯಾಗಿದೆ ಎಂದು ಮಗು ಹೇಳಬೇಕು. ಒಂದರಲ್ಲಿ ಸೋಫಾ ಇರುವ ಕೋಣೆ, ಗೋಡೆಯೊಳಗೆ ಬೆಂಕಿ. ಆ ಬೆಂಕಿಗೆ ಹೊಗೆಗೂಡು ಬರೆದಿರಲಿಲ್ಲ, ಅದೇ ಉತ್ತರ. ನಮ್ಮ ಹುಡುಗನೊಬ್ಬ ತುಂಬ ಹೊತ್ತು ನೋಡಿ, ಈ ಮನೆಯಲ್ಲಿ ಅಡುಗೆಮನೆಯೇ ಇಲ್ಲ, ಪಾಪ ಹಾಲ್‌ನಲ್ಲೇ ಒಲೆ ಹಚ್ಚಿದ್ದಾರೆ ಎಂದ. ಡೈರೆಕ್ಟರು ಸೊನ್ನೆ ಹಾಕಿದರು. ನಾನು ಜಗಳಕ್ಕೇ ನಿಂತೆ. ಆ ಹುಡುಗ ಹೇಳಿದ್ದಕ್ಕಿಂತ ಸರಿಯಾದ ಉತ್ತರ ನನಗೂ ಹೊಳೆದಿರಲಿಲ್ಲ ಎಂದೆ. ಕೈಪಿಡಿಯಲ್ಲಿ ಇಲ್ಲವಲ್ಲ ಸುಶೀಲಾ ಎಂದರು. ಒಂದು ವಾರ ಮುಖ ಗಂಟು ಹಾಕಿಕೊಂಡು ಓಡಾಡಿದರು. ಆಮೇಲೆ ತಾವೇ ಕೂತು, ಹಿಡಿಯಿಲ್ಲದ ಕೊಡೆ, ಬಾಲವಿಲ್ಲದ ಗಾಳಿಪಟ, ಒಂದು ಚಕ್ರ ಮಾತ್ರ ಇರುವ ಟಾಂಗಾ ಎಲ್ಲ ಬರೆಸಿ ತಂದರು. ಮೇಲಿನವರು ತಿದ್ದಿಕೊಳ್ಳುತ್ತಾರೆ. ಒಂದು ವಾರ ಸಮಯ ಕೊಡಬೇಕು, ಅಷ್ಟೆ.

ಅವರ ವರದಿಗಳದ್ದು ಮಾತ್ರ ಕೊನೆಯವರೆಗೂ ಅದೇ ಹಣೆಬರಹ. ಅಷ್ಟು ಭಾರದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಒಂದು ವರದಿ ಓದಿದ ಹೆಡ್‌ಮಾಸ್ಟರೊಬ್ಬರು ಫೋನ್ ಮಾಡಿ, ಇದು ಬೇರೆ ಮಕ್ಕಳಿಗೆ ಅಂಟುತ್ತದೆಯೇ, ಬೆಂಚು ಬೇರೆ ಹಾಕಿಸಬೇಕೇ ಎಂದು ಕೇಳಿದರು. ಅಂದಿನಿಂದ ಪ್ರತಿ ವರದಿಯ ಜೊತೆಗೂ ಕನ್ನಡದಲ್ಲಿ ನಾಲ್ಕು ಸಾಲು ನಾನೇ ಬರೆದು ಲಗತ್ತಿಸುತ್ತಿದ್ದೆ: ಈ ಮಗುವಿಗೆ ಬುದ್ಧಿ ಚೆನ್ನಾಗಿದೆ, ಅಕ್ಷರ ಓದುವುದು ಕಷ್ಟ, ಬಾಯಲ್ಲಿ ಕೇಳಿ, ಗದರಬೇಡಿ.

ಇನ್ನು ದಾಕ್ಷಾಯಿಣಿಯ ವಿಷಯ. ಆ ಹುಡುಗಿಯರಿಗೆ ಹೇಳಲು ಶುರುಮಾಡಿ ಮುಗಿಯದೆ ಉಳಿದದ್ದು ಇದೇ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಮಹದೇವಸ್ವಾಮಿ ಎಂಬವರ ಮಗಳು. ಮೊದಲ ವರ್ಷದ ಪಿಯುಸಿಯನ್ನು ಹೇಗೋ ಏದುಸಿರು ಬಿಟ್ಟು ದಾಟಿದ್ದಳು. ಅವಳನ್ನು ಕರೆತಂದವರು ತಾಯಿ ಪಾರ್ವತಮ್ಮ. ಯಜಮಾನರಿಗೆ ಹೇಳದೆ ಬಂದಿದ್ದೇನೆ ಎಂದು ಕೂರುವ ಮೊದಲೇ ಹೇಳಿದರು. ಹುಡುಗಿ ಹಗಲೂ ಇರುಳೂ ಪುಸ್ತಕದ ಮುಂದೆ ಕೂತಿರುತ್ತಾಳಂತೆ, ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಪತ್ರಿಕೆ ಓದುವಷ್ಟರಲ್ಲಿ ಬೆಲ್ಲು ಹೊಡೆಯುತ್ತದಂತೆ. ‘ಕಿವೀಲಿ ಕೇಳಿದ್ದು ಒಂದೂ ಮರೆಯಲ್ಲ ಮೇಡಂ. ಕಣ್ಣಲ್ಲಿ ನೋಡಿ ಓದು ಅಂದ್ರೆ ಬೆವತೋಗ್ತಾಳೆ,’ ಎಂದರು ಆ ತಾಯಿ. ನಾನು ಇಷ್ಟು ವರ್ಷದಲ್ಲಿ ನೋಡಿದ ವರದಿಗಳಲ್ಲೆಲ್ಲ ಅಷ್ಟು ನಿಖರವಾದದ್ದು ಇನ್ನೊಂದಿಲ್ಲ.

ಅವಳದೇ ಜೀವಶಾಸ್ತ್ರದ ಪುಸ್ತಕ ಕೊಟ್ಟು ಒಂದು ಪ್ಯಾರಾ ಓದಿಸಿದೆ. ಸಾಲು ತಪ್ಪುತ್ತಿತ್ತು. ಪದದ ಮೊದಲ ಅಕ್ಷರ ಹಿಡಿದು ಉಳಿದದ್ದನ್ನು ಊಹಿಸುತ್ತಿದ್ದಳು, ಊಹೆ ತಪ್ಪಿದರೆ ಮತ್ತೆ ಮೊದಲಿನಿಂದ. ಓದಿ ಮುಗಿಸಿದಾಗ ಅವಳ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಏನರ್ಥವಾಯಿತು ಎಂದರೆ ತಲೆ ತಗ್ಗಿಸಿದಳು. ಅದನ್ನೇ ನಾನು ಒಂದು ಸಲ ಗಟ್ಟಿಯಾಗಿ ಓದಿ ಹೇಳಿದೆ. ಕೂಡಲೇ ಹುಡುಗಿ ನೆಟ್ಟಗೆ ಕೂತಳು. ಹಸು ಮೇವನ್ನು ಮೊದಲು ಹೊಟ್ಟೆಯ ಯಾವ ಕೋಣೆಗೆ ತಳ್ಳುತ್ತದೆ, ಮೆಲುಕು ಹಾಕಲು ಹೇಗೆ ವಾಪಸು ತರುತ್ತದೆ, ಯಾವಾಗ ಹೊಟ್ಟೆ ಉಬ್ಬರಿಸುತ್ತದೆ, ಎಲ್ಲವನ್ನೂ ಕೈಯಲ್ಲಿ ಆಕಾರ ಮಾಡಿ ತೋರಿಸಿ ಹೇಳಿದಳು. ಅರ್ಧ ಪುಸ್ತಕದ್ದು, ಅರ್ಧ ಕಣ್ಣಾರೆ ಕಂಡದ್ದು. ಅವರ ಮನೆತನ ನಡೆದುಕೊಳ್ಳುವ ಮಠದಲ್ಲಿ ದನಗಳಿದ್ದವು. ರಜೆ ಬಂದರೆ ಇವಳು ಅಲ್ಲಿಯೇ. ದನದ ಡಾಕ್ಟರು ಬಂದಾಗ ಹಗ್ಗ ಹಿಡಿದು ನಿಲ್ಲುವವಳು ಇವಳೇ. ಏನಾಗಬೇಕೆಂದಿದ್ದೀಯಮ್ಮ ಎಂದು ಕೇಳಿದೆ. ದನದ ಡಾಕ್ಟರು ಎಂದಳು, ಕಳ್ಳತನ ಒಪ್ಪಿಕೊಂಡವಳ ಹಾಗೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಮೂರು ವಿಷಯ, ಪ್ರಶ್ನೆಗೆ ನಾಲ್ಕು ಉತ್ತರ, ಉತ್ತರ ಹಾಳೆಯಲ್ಲಿ ಸರಿಯಾದ ಉತ್ತರದ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು, ಒಂದು ಪ್ರಶ್ನೆಗೆ ಒಂದು ನಿಮಿಷ ಸಿಕ್ಕರೆ ಹೆಚ್ಚು. ಇವಳಿಗೆ ಪ್ರಶ್ನೆ ಓದಲೇ ಮೂರು ನಿಮಿಷ ಬೇಕು. ಆ ಹುಡುಗಿಯ ಮೇಲೆ ನನಗೆ ಆ ಕ್ಷಣಕ್ಕೇ ಪ್ರೀತಿ ಹುಟ್ಟಿತು, ಜೊತೆಗೆ ಭಯವೂ ಆಯಿತು.

ಡೈರೆಕ್ಟರು ಪರೀಕ್ಷೆ ಮಾಡಿ ವರದಿ ಬರೆದರು. ಮಹದೇವಸ್ವಾಮಿಯವರನ್ನು ಕರೆಸಿದೆವು. ಬಿಳಿ ಶರ್ಟು, ಬಿಳಿ ಪಂಚೆ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ವರದಿಯನ್ನು ಪಾತ್ರೆ ಬಡಿದು ನೋಡುವಂತೆ ಬೆರಳಿನಿಂದ ತಟ್ಟಿದರು.

‘ಬುದ್ಧಿ ಚೆನ್ನಾಗಿದೆ ಅಂತೀರಿ. ಓದಕ್ಕೆ ಬರಲ್ಲ ಅಂತೀರಿ. ಎರಡೂ ಎಂಗೆ ಸರಿಯಾಗುತ್ತೆ ಮೇಡಂ?’

‘ನಿಮಗೆ ಈಜು ಬರುತ್ತಾ ಮಹದೇವಸ್ವಾಮಿಯವರೇ?’ ಎಂದೆ.

‘ಇಲ್ಲ.’

‘ಅಂಗಡಿ ಮಾತ್ರ ಚೆನ್ನಾಗೇ ನಡೆಸ್ತಿದ್ದೀರಲ್ಲ.’

ಅವರಿಗೆ ಅದು ಇಷ್ಟವಾಗಲಿಲ್ಲ, ಆದರೆ ಮನಸ್ಸಿಗೆ ತಾಕಿತು. ಆಮೇಲೆ ಅವರ ನಿಜವಾದ ಭಯ ಹೊರಗೆ ಬಂತು. ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವವರೂ ಹೆಚ್ಚುವರಿ ಸಮಯವೂ ಬೇಕೆಂದರೆ ಸರ್ಟಿಫಿಕೇಟಿನೊಂದಿಗೆ ತಂದೆ ಸಹಿ ಹಾಕಿ ಅರ್ಜಿ ಕೊಡಬೇಕು. ಅದಕ್ಕೆ ಅವರು ಸುತರಾಂ ಒಪ್ಪಲಿಲ್ಲ. ‘ಜನದ ಬಾಯಿ ನಿಮಗೆ ಗೊತ್ತಿಲ್ಲ ಮೇಡಂ. ಒಂದ್ಸಲ ಗೊತ್ತಾಗ್ಬುಟ್ರೆ, ಪಾತ್ರೆ ಅಂಗಡಿಯವರ ಮಗಳಿಗೆ ತಲೆ ಸರಿಯಿಲ್ಲ ಅಂತ ನಾಳೆ ಹೆಣ್ಣು ಕೇಳಕ್ಕೆ ಬಂದೋರು ಹಂಗೇ ವಾಪಸ್ ಹೋಗ್ತಾರೆ. ಆಗ ಉತ್ತರ ಹೇಳಕ್ಕೆ ನೀವು ಬರ್ತೀರಾ?’

‘ಕರೆದ್ರೆ ಖಂಡಿತ ಬರ್ತೀನಿ,’ ಎಂದೆ. ಹಾಗೆಂದು ಅವರ ಭಯವನ್ನು ನಾನು ತಳ್ಳಿಹಾಕಲಿಲ್ಲ. ಹೊಸದಾಗಿ ಬಂದ ನೀವು ತಂದೆತಾಯಿಯರನ್ನು ಮೂರ್ಖರೆಂದು ತೀರ್ಮಾನಿಸುವುದಕ್ಕೆ ಮುಂಚೆ ಅವರ ಬೀದಿಯಲ್ಲಿ ಒಂದು ಸಲ ನಡೆದು ಬನ್ನಿ. ನಾನು ಹೋಗಿದ್ದೆ. ಗೋಡೆಗೆ ಗೋಡೆ ತಾಗಿದ ಮನೆಗಳು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನುತ್ತಾರೆ. ಅಲ್ಲಿ ಗುಟ್ಟು ಎಂಬುದಕ್ಕೆ ಜಾಗವೇ ಇಲ್ಲ. ಮಗಳನ್ನು ಬಚ್ಚಿಡುವುದೇ ಅವಳನ್ನು ಕಾಯುವ ದಾರಿ ಎಂದು ಆ ಮನುಷ್ಯ ನಂಬಿದ್ದರು.

ಕೊನೆಗೆ ಒಪ್ಪಿಸಿದ್ದು ನಾನಲ್ಲ, ಪಾರ್ವತಮ್ಮ. ಹೇಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಹಿ ಹಾಕಿದ ಅರ್ಜಿ ಬಂತು, ಅದರ ಹಿಂದೆ ಎರಡು ಷರತ್ತು ಬಂದವು. ಒಂದು, ಇದೊಂದೇ ಸಲ. ಸೀಟು ಸಿಗದಿದ್ದರೆ ಡಾಕ್ಟರಾಗುವ ಮಾತು ಮತ್ತೆ ಎತ್ತಕೂಡದು, ಸುಮ್ಮನೆ ಬಿ.ಕಾಂ. ಸೇರಿ, ಗಂಡು ಸಿಗುವವರೆಗೆ ಅಂಗಡಿಯ ಗಲ್ಲಾದಲ್ಲಿ ಕೂರಬೇಕು. ಎರಡು, ಮೊಹಲ್ಲಾದಲ್ಲಿ ಒಬ್ಬರಿಗೂ ತಿಳಿಯಕೂಡದು. ಈ ಎರಡನೆಯದಕ್ಕೆ ಅವರೇ ಒಂದು ಉಪಾಯವನ್ನೂ ಮಾಡಿದ್ದರು. ಮುಂದಿನ ವಾರ ಹುಡುಗಿ ಕಪ್ಪು ಫ್ರೇಮಿನ ಕನ್ನಡಕ ಹಾಕಿಕೊಂಡು ಬಂದಳು. ಕಣ್ಣಿಗೆ ಏನಾಯಿತೇ ಎಂದೆ. ಏನೂ ಆಗಿಲ್ಲ ಎಂದಳು. ಪವರ್ ಇಲ್ಲದ ಬರೀ ಗಾಜು. ಮಗಳಿಗೆ ದೃಷ್ಟಿ ಮಂದ, ಅದಕ್ಕೇ ಪರೀಕ್ಷೆಯಲ್ಲಿ ಪ್ರತ್ಯೇಕ ಕೋಣೆ ಎಂದು ಅಕ್ಕಪಕ್ಕದವರಿಗೆ ಹೇಳಲು ಅಪ್ಪ ಮಾಡಿಸಿ ಕೊಟ್ಟದ್ದು. ನಾನು ನಕ್ಕೆ. ದಾಕ್ಷಾಯಿಣಿ ನಗಲಿಲ್ಲ. ಅದನ್ನು ತೆಗೆದು ಪುಸ್ತಕದ ಪಕ್ಕ ಇಟ್ಟು, ಹೋಗುವಾಗ ಮತ್ತೆ ಹಾಕಿಕೊಂಡಳು.

ಅನುಮತಿ ಸುಲಭವಾಗಿ ಬರಲಿಲ್ಲ. ಡೈರೆಕ್ಟರು ಆ ಭಾರದ ವರದಿಯನ್ನು ಹಿಡಿದು ಬೆಂಗಳೂರಿಗೆ ಓಡಾಡಿದರು. ಹೆಚ್ಚುವರಿ ಸಮಯಕ್ಕೂ ಓದಿ ಹೇಳುವವರಿಗೂ ಒಪ್ಪಿಗೆ ಬಂತು. ಆದರೆ ಓದಿ ಹೇಳುವವರು ವಿಜ್ಞಾನ ಓದಿದವರಾಗಿರಬಾರದು, ಉತ್ತರದ ಸುಳಿವು ಕೊಟ್ಟಾರು ಎಂದು. ನ್ಯಾಯವೇ. ಇಂಗ್ಲಿಷ್ ಸ್ಪಷ್ಟವಾಗಿ ಓದಬೇಕು, ವಿಜ್ಞಾನದ ಗಂಧ ಇರಬಾರದು, ಅಂಥವರು ಯಾರು? ನನಗೆ ಹೊಳೆದದ್ದು ನಮ್ಮ ಬೀದಿಯ ನಂಜುಂಡಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಹೇಳಿ ನಿವೃತ್ತರಾದವರು, ಇಂಗ್ಲಿಷನ್ನೂ ಅಕ್ಷರ ನುಂಗದೆ ಓದುವವರು. ಸಂಜೆ ಹೊತ್ತು ಗಮಕ ಹೇಳಿಕೊಡುತ್ತಿದ್ದರು, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವ ಕಲೆ. ಕೇಳಿದ ತಕ್ಷಣ ಒಪ್ಪಿಕೊಂಡರು. ಸರಸ್ವತಿಯ ಸೇವೆ ಎಂದರು.

ನಾವೆಲ್ಲ ಎಡವಿದ್ದು ಅಲ್ಲೇ. ಅಭ್ಯಾಸ ಪರೀಕ್ಷೆ ಶುರುಮಾಡಿದೆವು. ಮೇಷ್ಟ್ರು ಭೌತಶಾಸ್ತ್ರದ ಪ್ರಶ್ನೆಯನ್ನು ಎಷ್ಟು ಭಾವದಿಂದ ಓದುತ್ತಿದ್ದರೆಂದರೆ, ಬಾವಿಗೆ ಬಿದ್ದ ಕಲ್ಲಿನ ವೇಗ ಎಷ್ಟು ಎಂಬಲ್ಲಿ ನನಗೆ ಆ ಕಲ್ಲಿನ ಮೇಲೆ ಕರುಣೆ ಬರುತ್ತಿತ್ತು. ಹುಡುಗಿ ವೃತ್ತ ತುಂಬುತ್ತ ಹೋದಳು. ಅಂಕ ಎಣಿಸಿದೆವು. ನಾನು ಓದಿ ಹೇಳಿದಾಗ ಬರುತ್ತಿದ್ದುದರ ಅರ್ಧವೂ ಇಲ್ಲ. ಮಾರನೆಯ ದಿನವೂ ಅಷ್ಟೇ. ಹುಡುಗಿ ಹೆದರಿದ್ದಾಳೆ ಎಂದುಕೊಂಡೆವು. ಡೈರೆಕ್ಟರು ಉತ್ತರಗಳನ್ನು ಕೂಡಿ ಕಳೆದು ನೋಡಿ, ಇವಳು ಎಲ್ಲ ಕಡೆ ನಾಲ್ಕನೆಯ ಉತ್ತರವನ್ನೇ ಆರಿಸುತ್ತಿದ್ದಾಳೆ, ಇದೊಂದು ಹೊಸ ಲಕ್ಷಣ ಇರಬೇಕು ಎಂದು ಪೆನ್ನು ಕೈಗೆತ್ತಿಕೊಂಡರು. ಸ್ವಲ್ಪ ತಡೆಯಿರಿ ಸಾರ್, ಮೊದಲು ಅವಳನ್ನೇ ಕೇಳೋಣ ಎಂದೆ.

ಅವಳು ಮೇಷ್ಟ್ರ ಕಡೆ ನೋಡಿ ಸಂಕೋಚಪಟ್ಟಳು. ‘ಮೇಷ್ಟ್ರು ನಾಲ್ಕನೇದನ್ನ ಎಷ್ಟು ಚೆನ್ನಾಗಿ ಇಳಿಸಿ ತಂದು ನಿಲ್ಲಿಸ್ತಾರೆ ಅಂದ್ರೆ, ಅದೇ ಸರಿ ಅನ್ನಿಸ್ಬುಡುತ್ತೆ ಮೇಡಂ.’

ನಿಜ. ಪದ್ಯದ ಕೊನೆಯ ಸಾಲಿಗೆ ಬಂದಂತೆ ಮೇಷ್ಟ್ರ ದನಿ ನಾಲ್ಕನೆಯ ಉತ್ತರದಲ್ಲಿ ಬಂದು ತಂಗುತ್ತಿತ್ತು. ಕಿವಿಯನ್ನೇ ನಂಬಿ ಬದುಕಿದ ಹುಡುಗಿ ಅದನ್ನೂ ನಂಬಿದ್ದಳು. ಮೇಷ್ಟ್ರಿಗೆ ನೋವಾಯಿತು. ಜೀವಮಾನವೆಲ್ಲ ದನಿಯ ಏರಿಳಿತ ಕಲಿಸಿದವನಿಗೆ ಅದನ್ನು ಬಿಡು ಎನ್ನುತ್ತೀರಲ್ಲಮ್ಮ, ರಾಗ ಬಿಟ್ಟು ನನಗೆ ಓದಲು ಬರುವುದೇ ಇಲ್ಲ ಎಂದರು. ಪ್ರಯತ್ನವನ್ನೂ ಪಟ್ಟರು. ರಾಗ ಬಿಟ್ಟರೆ ನಿದ್ದೆಗಣ್ಣಿನವರ ಹಾಗೆ ತೊದಲುತ್ತಿದ್ದರು. ಎರಡು ದಿನ ಹೀಗೇ ಒದ್ದಾಡಿದೆವು. ಬೇರೆಯವರನ್ನು ಹುಡುಕಲು ಸಮಯವಿರಲಿಲ್ಲ, ಅವರ ಹೆಸರಿಗೇ ಅನುಮತಿ ಬಂದಾಗಿತ್ತು. ಆಗ ನನಗೆ ತೋಚಿತು. ‘ಮೇಷ್ಟ್ರೇ, ಕ್ಲಾಸಿನಲ್ಲಿ ಹಾಜರಿ ಕೂಗ್ತಿದ್ರಲ್ಲ, ಅದನ್ನೂ ರಾಗವಾಗಿ ಕೂಗ್ತಿದ್ರಾ?’ ಎಂದೆ. ಅವರು ಪ್ರಶ್ನೆಪತ್ರಿಕೆಯನ್ನು ಹಾಜರಿ ಪುಸ್ತಕದಂತೆ ಎಡಗೈ ಮೇಲೆ ಇಟ್ಟುಕೊಂಡರು. ಒಂದು, ಎರಡು, ಮೂರು, ನಾಲ್ಕು, ಎಲ್ಲಕ್ಕೂ ಒಂದೇ ದನಿ. ಯಾರ ಮೇಲೂ ಪ್ರೀತಿಯಿಲ್ಲ, ಯಾರ ಮೇಲೂ ದ್ವೇಷವಿಲ್ಲ. ಆ ದಿನ ಹುಡುಗಿಯ ಅಂಕ ಮೇಲಕ್ಕೆ ಹೋಯಿತು. ಮೇಷ್ಟ್ರು ಮಾತ್ರ, ಇಷ್ಟು ನೀರಸವಾಗಿ ಓದಿಯೂ ಭೇಷ್ ಎನ್ನಿಸಿಕೊಂಡದ್ದು ಇದೇ ಮೊದಲು ಎಂದು ಗೊಣಗಿದರು.

ಪರೀಕ್ಷೆಯ ದಿನ ಬಂತು. ಕುವೆಂಪುನಗರದ ಒಂದು ಕಾಲೇಜು. ಗೇಟಿನ ಹೊರಗೆ ಸ್ಕೂಟರುಗಳ ಸಾಲು, ಮಕ್ಕಳಿಗಿಂತ ಹೆಚ್ಚು ಬೆವರುತ್ತಿರುವ ಅಪ್ಪಂದಿರು. ಮೇಷ್ಟ್ರು ಮಡಿಸಿದ ಶಾಲು ಹೆಗಲ ಮೇಲೆ ಹಾಕಿ ಮೊದಲೇ ಬಂದಿದ್ದರು. ನಾನೂ ಮಹದೇವಸ್ವಾಮಿಯವರೂ ಹುಡುಗಿಯನ್ನು ಕರೆದುಕೊಂಡು ಕೇಂದ್ರದ ಮುಖ್ಯ ಮೇಲ್ವಿಚಾರಕರ ಕೋಣೆಯ ಮುಂದೆ ನಿಂತೆವು. ಆಗಲೇ ಗ್ರಹಚಾರ ನೋಡಿ, ಮಹದೇವಸ್ವಾಮಿಯವರದೇ ಬೀದಿಯ ಬಟ್ಟೆ ಅಂಗಡಿಯವರು ತಮ್ಮ ಮಗನ ಹಾಲ್ ಟಿಕೆಟ್‌ನ ಏನೋ ತೊಂದರೆಗೆಂದು ಅಲ್ಲಿಯೇ ನಿಂತಿದ್ದರು. ಏನು ಸ್ವಾಮಿಗಳೇ, ನಿಮ್ಮ ಮಗಳಿಗೇನು ಬೇರೆ ಕೋಣೆ ಎಂದು ಕೇಳಿಯೂಬಿಟ್ಟರು.

ಮಹದೇವಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. ಅವಳಿಗೆ ಕಣ್ಣು ಮಂದ, ಅಕ್ಷರ ಕಾಣುವುದಿಲ್ಲ, ಅದಕ್ಕೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಬಟ್ಟೆ ಅಂಗಡಿಯವರಿಗೆ ಕೇಳಿಸಲೆಂದು ಹೇಳಿದ್ದು ಒಳಗಿದ್ದ ಮೇಲ್ವಿಚಾರಕರಿಗೂ ಕೇಳಿಸಿತು. ಅವರು ಅನುಮತಿ ಪತ್ರವನ್ನು ಮತ್ತೆ ತೆಗೆದು ಓದಿದರು. ಇಲ್ಲಿ ಓದುವ ತೊಂದರೆ ಎಂದಿದೆ, ದೃಷ್ಟಿಯ ತೊಂದರೆ ಎಂದಿಲ್ಲ, ನೀವು ಕಣ್ಣು ಎನ್ನುತ್ತೀರಿ, ಹುಡುಗಿ ಕನ್ನಡಕವನ್ನೂ ಹಾಕಿದ್ದಾಳೆ, ಹಾಗಾದರೆ ಈ ಪತ್ರ ಯಾರದ್ದು ಎಂದರು. ದುಷ್ಟ ಮನುಷ್ಯನೇನಲ್ಲ. ನಿಯಮದ ಮನುಷ್ಯ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಮೇಲಿನ ಕಚೇರಿಗೆ ಫೋನ್ ಮಾಡಿ ಕೇಳುವವರೆಗೆ ಓದಿ ಹೇಳುವವರನ್ನು ಒಳಗೆ ಬಿಡಲಾರೆ, ಹುಡುಗಿ ಬೇಕಾದರೆ ಎಲ್ಲರ ಜೊತೆ ಕೂತು ಬರೆಯಲಿ ಎಂದರು. ಫೋನು ಎತ್ತಿದರೆ ಆ ಕಡೆ ಎಂಗೇಜ್. ಮೊದಲ ಬೆಲ್ಲು ಹೊಡೆಯಿತು. ಮೇಷ್ಟ್ರು ಶಾಲು ಹಿಂಡುತ್ತ ನಿಂತರು.

ಮಹದೇವಸ್ವಾಮಿಯವರ ಮುಖ ನೋಡಿದೆ. ಆ ಮನುಷ್ಯ ನಿಜ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಪಕ್ಕದಲ್ಲಿ ಬಟ್ಟೆ ಅಂಗಡಿಯವರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಾರೆ. ನಾನೇ ಹೇಳಿಬಿಡಲು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ದಾಕ್ಷಾಯಿಣಿ ಕನ್ನಡಕ ತೆಗೆದು ಮೇಲ್ವಿಚಾರಕರ ಮೇಜಿನ ಮೇಲೆ ಇಟ್ಟಳು.

‘ನನ್ನ ಕಣ್ಣು ಚೆನ್ನಾಗಿದೆ ಸಾರ್. ಇದರಲ್ಲಿ ಪವರ್ ಇಲ್ಲ, ಬೇಕಾದ್ರೆ ನೋಡಿ. ನಂಗೆ ಅಕ್ಷರ ಕಾಣುತ್ತೆ, ಬೇಗ ಓದಕ್ಕಾಗಲ್ಲ. ಹುಟ್ಟಿದಾಗಿಂದ ಹಿಂಗೇ. ಮೇಷ್ಟ್ರು ಓದಿ ಹೇಳಿದ್ರೆ ಉತ್ತರ ನಂಗೆ ಗೊತ್ತು. ಆ ಪತ್ರ ನಂದೇ.’

ಒಂದು ಮಾತನ್ನೂ ನುಂಗಲಿಲ್ಲ. ಮೇಲ್ವಿಚಾರಕರು ಕನ್ನಡಕವನ್ನು ಎತ್ತಿ ತಮ್ಮ ಕಣ್ಣಿಗೇ ಹಿಡಿದು, ಅದೇ ಪತ್ರವನ್ನು ಅದರೊಳಗಿಂದ ನೋಡಿದರು. ಆಮೇಲೆ ಕನ್ನಡಕ ಮಡಿಸಿ ಅವಳ ಕೈಗೆ ಕೊಟ್ಟು, ಮೇಷ್ಟ್ರೇ, ಬನ್ನಿ ಒಳಗೆ ಎಂದರು. ನನಗೆ ಅಳು ಬಂತು. ಇಷ್ಟು ವರ್ಷ ಕೆಲಸ ಮಾಡಿದವಳು, ಮಕ್ಕಳ ಮುಂದೆ ಅಳಬಾರದು ಎಂದು ಎಲ್ಲರಿಗೂ ಪಾಠ ಹೇಳುವವಳು, ಅಲ್ಲೇ ಕಂಬದ ಮರೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅವರಿಗೆ ಕೊಟ್ಟ ಕೋಣೆ ಕಾಂಪೌಂಡಿನ ಪಕ್ಕಕ್ಕಿತ್ತು. ಹೊರಗೆ ಹೊಂಗೆ ಮರದ ಕೆಳಗೆ ನಾನು ಕೂತಿದ್ದೆ. ಮೇಷ್ಟ್ರ ಮಾತು ತಿಳಿಯುತ್ತಿರಲಿಲ್ಲ, ಧಾಟಿ ಮಾತ್ರ ಕೇಳುತ್ತಿತ್ತು. ಹಾಜರಿಯ ಧಾಟಿ, ಎಲ್ಲಿಯೂ ಏರಿಲ್ಲ, ಎಲ್ಲಿಯೂ ಇಳಿದಿಲ್ಲ. ಉಳಿದ ಮಕ್ಕಳೆಲ್ಲ ಹೊರಗೆ ಬಂದು ಉತ್ತರ ಹೋಲಿಸಿಕೊಂಡು ಹೋದ ಮೇಲೂ ಅದು ನಡೆದೇ ಇತ್ತು. ಆ ಸದ್ದು ಕೇಳುತ್ತ ಕೂತಾಗ ಸಿಕ್ಕಂಥ ನೆಮ್ಮದಿ ನನಗೆ ನನ್ನ ಕೆಲಸದಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಮಹದೇವಸ್ವಾಮಿಯವರು ಸ್ವಲ್ಪ ದೂರದಲ್ಲಿ ಕಾಂಪೌಂಡಿಗೆ ಒರಗಿ ನಿಂತಿದ್ದರು. ಬಟ್ಟೆ ಅಂಗಡಿಯವರು ಬಂದು ಏನೋ ಕೇಳಿದರು. ಇವರು ತಲೆ ಅಲ್ಲಾಡಿಸಿದರು, ಅಷ್ಟೇ. ಪರೀಕ್ಷೆ ನಡೆದ ಎರಡು ದಿನವೂ, ಮೂರು ಪತ್ರಿಕೆಗೂ, ಅವರು ಅಂಗಡಿಗೆ ಹೋಗದೆ ಅಲ್ಲಿಯೇ ನಿಂತರು.

ಮೊಹಲ್ಲಾದಲ್ಲಿ ಮಾತು ಹರಡಿತು. ಹರಡದೆ ಇರುತ್ತದೆಯೇ? ಕೆಲವರು ಕನಿಕರ ತೋರಿದರಂತೆ, ಇನ್ನು ಕೆಲವರು ಇವರ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸಿದರಂತೆ. ಪಾರ್ವತಮ್ಮ ಬಂದು ಹೇಳುತ್ತಿದ್ದರು. ಹುಡುಗಿ ಹೇಗಿದ್ದಾಳೆ ಎಂದರೆ, ಕನ್ನಡಕ ಬೀರುವಿನಲ್ಲಿ ಇಟ್ಟಿದ್ದಾಳೆ, ಚೆನ್ನಾಗಿ ಊಟ ಮಾಡುತ್ತಾಳೆ ಎಂದರು. ಯಜಮಾನರು ಹೇಗಿದ್ದಾರೆ ಎಂದರೆ ಸುಮ್ಮನೆ ಕೈಯಾಡಿಸಿದರು. ಮನೆಯಲ್ಲಿ ಅವರು ಮಗಳ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲವಂತೆ.

ಎರಡನೆಯ ಪಿಯುಸಿಯನ್ನೂ ಹುಡುಗಿ ಹಾಗೇ ಏದುಸಿರು ಬಿಟ್ಟು ದಾಟಿದ್ದಳು, ಈಗ ಪ್ರವೇಶ ಪರೀಕ್ಷೆಯ ಫಲಿತಾಂಶವೂ ಬಂತು. ಮೇಲಿನ ರ್‍ಯಾಂಕೇನಲ್ಲ, ಆದರೆ ಪಶುವೈದ್ಯಕೀಯಕ್ಕೆ ಆಸೆ ಇಟ್ಟುಕೊಳ್ಳಬಹುದಾದ ರ್‍ಯಾಂಕು. ನಂಜುಂಡಯ್ಯ ಮೇಷ್ಟ್ರು ಬೀದಿಯಲ್ಲೆಲ್ಲ ತಮಗೇ ಸೀಟು ಸಿಕ್ಕಂತೆ ಓಡಾಡಿದರು. ಸೀಟು ಆರಿಸಿಕೊಳ್ಳುವ ಕೌನ್ಸೆಲಿಂಗ್ ಬೆಂಗಳೂರಿನಲ್ಲಿ. ಹೊರಡುವ ಹಿಂದಿನ ದಿನ ಮಹದೇವಸ್ವಾಮಿಯವರೇ ಕೇಂದ್ರಕ್ಕೆ ಬಂದು, ನೀವೂ ಬನ್ನಿ ಮೇಡಂ, ಅಲ್ಲಿಯ ರೀತಿ ನಮಗೆ ಗೊತ್ತಿಲ್ಲ ಎಂದರು. ಬೆಳಗಿನ ರೈಲಿನಲ್ಲಿ ಹೋದೆವು. ಅಪ್ಪ ಕಿಟಕಿಯ ಕಡೆ, ಮಗಳು ಸೀಟಿನ ಇನ್ನೊಂದು ತುದಿಗೆ, ನಡುವೆ ನಾನು. ಮದ್ದೂರಿನಲ್ಲಿ ಮಹದೇವಸ್ವಾಮಿಯವರು ವಡೆ ಕೊಂಡು ಮೂವರಿಗೂ ಹಂಚಿದರು. ಮಗಳಿಗೆ ಎರಡು ಕೊಟ್ಟರು.

ಅಲ್ಲಿ ದೊಡ್ಡ ಹಾಲ್, ಉದ್ದನೆಯ ಸಾಲು. ಸರದಿ ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ಉಳಿದ ಸೀಟುಗಳ ಹೆಸರು ಬರುತ್ತದೆ. ಅಭ್ಯರ್ಥಿ ನೋಡಿ ಒಂದನ್ನು ಹೇಳಬೇಕು, ಅಧಿಕಾರಿ ಗುಂಡಿ ಒತ್ತುತ್ತಾನೆ. ಒತ್ತಿದ ಮೇಲೆ ಮುಗಿಯಿತು, ಬದಲಾಯಿಸುವಂತಿಲ್ಲ. ಒಂದೇ ಥರದ ಕೋಡುಗಳು, ಒಂದೇ ಥರದ ಹೆಸರುಗಳು, ಬೇರೆ ಬೇರೆ ಕೋರ್ಸು ಬೇರೆ ಬೇರೆ ಊರು ಎಲ್ಲ ಒತ್ತೊತ್ತಾಗಿ. ನನಗೇ ಕಣ್ಣು ಕಟ್ಟಿದಂತಾಯಿತು. ಸಾಲು ತಪ್ಪಿದರೆ ಹುಡುಗಿ ಬೇರೆ ಎಲ್ಲೋ ಹೋಗಿ ಬೀಳುತ್ತಾಳೆ. ಒಂದು ಗಂಟೆಯಿಂದ ನನಗೆ ಇದ್ದ ಭಯ ಅದೇ. ನಮ್ಮಿಬ್ಬರನ್ನೂ ಅವಳ ಹಿಂದೆ ನಿಲ್ಲಲು ಬಿಟ್ಟಿದ್ದರು.

ದಾಕ್ಷಾಯಿಣಿ ಪರದೆಗೆ ಬೆರಳಿಟ್ಟಳು. ಮೊದಲನೆಯ ಸಾಲು, ತುಟಿ ಅಲುಗಿಸಿ ಓದಿದಳು. ಎರಡನೆಯದು. ಮೂರನೆಯದರಲ್ಲಿ ತಪ್ಪಿ ಮತ್ತೆ ಎರಡಕ್ಕೆ ಬಂದಳು. ಅಧಿಕಾರಿ ಬೇಗ ಹೇಳಮ್ಮ ಎಂದ. ಹಿಂದೆ ಸಾಲಿನಲ್ಲಿದ್ದವರು ಉಸ್ಸೆಂದರು. ಯಾರೋ, ಇಂಗ್ಲಿಷ್ ಓದಲು ಬಾರದವರೂ ಡಾಕ್ಟರಾಗಲು ಬರುತ್ತಾರೆ ಎಂದು ಅಣಕಿಸಿದರು. ಹುಡುಗಿಯ ಕಿವಿ ಕೆಂಪಗಾದದ್ದು ನನಗೆ ಹಿಂದಿನಿಂದ ಕಾಣಿಸಿತು, ಬೆರಳು ಮಾತ್ರ ಕದಲಲಿಲ್ಲ. ಅಧಿಕಾರಿ ತಾಳ್ಮೆ ಕಳೆದುಕೊಂಡು ಅವಳನ್ನು ಬಿಟ್ಟು ಅಪ್ಪನ ಕಡೆ ತಿರುಗಿದ. ‘ನೀವೇ ಹೇಳಿಬಿಡಿ ಯಜಮಾನ್ರೇ. ಯಾವುದು ಬೇಕು?’

ಮಹದೇವಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. ಒಂದು ಸಲ ಹಿಂದಿನ ಸಾಲಿನ ಕಡೆ ತಿರುಗಿ ನೋಡಿದರು. ಆಮೇಲೆ ಆ ಹಾಲ್‌ನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

‘ನನ್ನ ಕೇಳ್ಬೇಡಿ ಸಾರ್. ನನ್ನ ಮಗಳಿಗೆ ಓದೋದು ನಿಧಾನ. ಅವಳೇ ಓದಿ ಹೇಳ್ತಾಳೆ. ಅಲ್ಲೀಗಂಟ ಎಲ್ಲಾರೂ ಕಾಯೋಣ.’

ಅಧಿಕಾರಿ ಕೀಲಿಮಣೆಯ ಮೇಲಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಸಾಲು ಕಾಯಿತು. ದಾಕ್ಷಾಯಿಣಿ ಅಪ್ಪನ ಕಡೆ ತಿರುಗಲಿಲ್ಲ, ತಿರುಗಿದ್ದರೆ ಸಾಲು ತಪ್ಪುತ್ತಿತ್ತು. ಕೊನೆಯವರೆಗೂ ಓದಿ, ಮತ್ತೊಮ್ಮೆ ಮೇಲಿನಿಂದ ಓದಿ, ತನಗೆ ಬೇಕಾದ ಪಶುವೈದ್ಯಕೀಯ ಕಾಲೇಜಿನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದಳು.